ಬಲಾಢ್ಯ ನೆರೆ, ಸಣ್ಣ ದೇಶ: ಓದಿದ್ದೆಷ್ಟು, ಬಿಟ್ಟದ್ದೆಷ್ಟು

ಉಕ್ರೇನ್ ಯುದ್ಧ ಶುರುವಾದಾಗಿನಿಂದ ಟಿ.ವಿ. ಚರ್ಚೆಗಳಲ್ಲಿ ಫಿನ್ಲೆಂಡ್ ಎರಡು ವೇಷದಲ್ಲಿ ಬರುತ್ತಿದೆ. ಒಬ್ಬರಿಗೆ ಅದು, ಬಲಾಢ್ಯ ನೆರೆಗೆ ಬಾಗಿ ಉಳಿಯುವುದನ್ನು ಕಲಿಸಲು ಉಕ್ರೇನಿಗೆ ಕುಡಿಸಬೇಕಾದ ಔಷಧ. ಇನ್ನೊಬ್ಬರಿಗೆ 2023ರ ಏಪ್ರಿಲ್ 4ರಂದು ನ್ಯಾಟೊ ಸೇರಿ ಹಳೆಯ ಹೇಡಿತನ ತೊಳೆದುಕೊಂಡ ದೇಶ. 1939ರ ಚಳಿಗಾಲದಲ್ಲಿ ಸ್ಟಾಲಿನ್ ಸೇನೆಯನ್ನು ಮೂರೂವರೆ ತಿಂಗಳು ತಡೆದು ನಿಲ್ಲಿಸಿದವರನ್ನು ಹೇಡಿಗಳೆನ್ನಲು ಇತಿಹಾಸ ಓದದಿರುವ ಧೈರ್ಯ ಬೇಕು.

ಬಲಾಢ್ಯ ನೆರೆಯೊಡನೆ ಸಣ್ಣ ದೇಶ ಹೇಗೆ ಬಾಳಬೇಕೆಂಬುದು ಹಿಂದಿನಿಂದಲೂ ಇರುವ ಪ್ರಶ್ನೆ. ಹಳೆಯದನ್ನು ಬೇಗ ಹೇಳಿ ಮುಗಿಸುತ್ತೇನೆ. ಅಥೆನ್ಸ್ ಮೆಲೋಸ್ ದ್ವೀಪವನ್ನು ನುಂಗಿದ ಬಗೆಯನ್ನು ಗ್ರೀಕ್ ಇತಿಹಾಸಕಾರ ಥುಸಿಡಿಡೀಸ್ ಬರೆದ. ಕೌಟಿಲ್ಯ ತನ್ನ ‘ಅರ್ಥಶಾಸ್ತ್ರ’ದ ಹನ್ನೆರಡನೆಯ ಅಧಿಕರಣವನ್ನೇ ದುರ್ಬಲ ರಾಜನಿಗೆ ಮೀಸಲಿಟ್ಟ. ಎಲ್ಲೆಲ್ಲೂ ಬಾಗು ಎಂದ ಭಾರದ್ವಾಜನನ್ನೂ ಇದ್ದಬದ್ದ ಸೈನ್ಯವನ್ನೆಲ್ಲ ಕಟ್ಟಿಕೊಂಡು ಕಾದಾಡು ಎಂದ ವಿಶಾಲಾಕ್ಷನನ್ನೂ ತಳ್ಳಿಹಾಕಿ, ಇನ್ನೂ ಬಲಿಷ್ಠನ ಆಸರೆಯನ್ನೋ ಭದ್ರವಾದ ಕೋಟೆಯನ್ನೋ ಹಿಡಿ ಎಂದ. ಆ ಗ್ರಂಥವನ್ನು 1909ರಲ್ಲಿ ಮೈಸೂರಿನಲ್ಲಿ ಪ್ರಕಟಿಸಿದವರು ಆರ್. ಶಾಮಶಾಸ್ತ್ರಿಗಳು. ನಮ್ಮ ತರಗತಿಗಳಲ್ಲಿ ಅದರ ಮಂಡಲ ಸಿದ್ಧಾಂತವೇ (ನೆರೆಯವನು ಶತ್ರು, ಅವನಾಚೆಯವನು ಮಿತ್ರ) ಮೆರೆಯುತ್ತದೆ, ಹನ್ನೆರಡನೆಯದನ್ನು ಕೇಳುವವರಿಲ್ಲ.

ಎರಡನೇ ಮಹಾಯುದ್ಧದಲ್ಲಿ ಟರ್ಕಿ, ಸ್ವೀಡನ್, ಫಿನ್ಲೆಂಡ್ ಮುಂತಾದವು ದೊಡ್ಡವರೊಡನೆ ಹೇಗೆ ಚೌಕಾಸಿ ಮಾಡಿದವು ಎಂಬುದನ್ನು 1959ರಲ್ಲಿ ಅನೆಟ್ ಬೇಕರ್ ಫಾಕ್ಸ್ ಬರೆದ ಮೇಲೆ ಸಣ್ಣ ದೇಶಗಳ ಅಧ್ಯಯನಕ್ಕೊಂದು ರೂಪ ಬಂತು. ಹಿಂದೆಯೇ ಡೇವಿಡ್ ವೈಟಲ್, ರಾಬರ್ಟ್ ರಾಥ್‌ಸ್ಟೀನ್ ಬಂದರು. ಇಬ್ಬರೂ ಉಪಯುಕ್ತರೇ, ಒಣಕಲು ಅಷ್ಟೆ. 1960ರ ದಶಕದಲ್ಲಿ ಪಶ್ಚಿಮ ಜರ್ಮನಿಯ ರಾಜಕೀಯ ಜಗಳದಲ್ಲಿ ‘ಫಿನ್ಲೆಂಡೀಕರಣ’ ಎಂಬ ಪದ, ಬಲಾಢ್ಯ ನೆರೆಗೆ ಮಣಿದು ನಡೆಯುವುದನ್ನು ಹಳಿಯುವ ಬೈಗುಳವಾಗಿ ಹುಟ್ಟಿತು. 1977ರಲ್ಲಿ ವಾಲ್ಟರ್ ಲಾಕರ್ ಅದನ್ನೇ ಇಡೀ ಯುರೋಪಿನ ಮುಂದೆ ಬೆದರುಬೊಂಬೆಯಾಗಿ ನಿಲ್ಲಿಸಿದರು. ಈ ಬೈಗುಳ ಬಳಸಿದವರೆಲ್ಲರ ಕಣ್ಣಿದ್ದದ್ದು ಪಶ್ಚಿಮ ಜರ್ಮನಿಯ ರಾಜಧಾನಿ ಬಾನ್ ಮೇಲೆ, ಹೆಲ್ಸಿಂಕಿಯ ಮೇಲಲ್ಲ.

ನಮ್ಮ ತಲೆಮಾರಿನವರು ಹೆಲ್ಸಿಂಕಿಯ ಕಡೆಯಿಂದ ನೋಡಲು ಕಲಿತದ್ದು ಮ್ಯಾಕ್ಸ್ ಯಾಕೊಬ್ಸನ್, ಜಾರ್ಜ್ ಮೌಡ್, ರಾಯ್ ಆಲಿಸನ್ ಅವರಿಂದ. ಎಲ್ಲಕ್ಕಿಂತ ಹೆಚ್ಚಾಗಿ 1988ರಲ್ಲಿ ಬಂದ ಹಾನ್ಸ್ ಮೌರಿಟ್ಸೆನ್ ಅವರ ಪುಸ್ತಕದಿಂದ. ಮೌರಿಟ್ಸೆನ್ ಕೇಳಿದ್ದು ಇಷ್ಟೇ: ಏನನ್ನು ಉಳಿಸಿಕೊಳ್ಳಲು ಏನನ್ನು ಬಿಟ್ಟುಕೊಟ್ಟರು? ಫಿನ್ಲೆಂಡ್ 1947ರಲ್ಲಿ ಅಮೆರಿಕದ ಮಾರ್ಷಲ್ ನೆರವನ್ನು ಬಿಟ್ಟಿತು, ಸೋವಿಯತ್ ಒಕ್ಕೂಟದೊಡನೆ 1948ರ ಸ್ನೇಹ ಒಪ್ಪಂದಕ್ಕೆ ಸಹಿ ಹಾಕಿತು. ಸಂಸತ್ತು, ಚುನಾವಣೆ, ಮಾರುಕಟ್ಟೆ ಉಳಿದವು. ಐವತ್ತು ವರ್ಷಕ್ಕೆಂದು ಗುತ್ತಿಗೆ ಪಡೆದಿದ್ದ ಫಿನ್ಲೆಂಡಿನ ಪೊರ್ಕ್ಕಲ ಸೇನಾ ನೆಲೆಯನ್ನು ಸೋವಿಯತ್ ಒಕ್ಕೂಟ 1956ರಲ್ಲೇ ಬಿಟ್ಟುಹೋಯಿತು.

ಉಳಿಸಿಕೊಳ್ಳಲೆಂದೇ ಬಿಟ್ಟುಕೊಟ್ಟರೆಂಬ ಈ ವಾದದ ಗಟ್ಟಿತನವೂ ಬಿರುಕೂ ಕಾಣುವುದು 1961ರ ಟಿಪ್ಪಣಿ ಬಿಕ್ಕಟ್ಟಿನಲ್ಲಿ. ಅಕ್ಟೋಬರ್ 30ರಂದು, ಒಪ್ಪಂದದ ಪ್ರಕಾರ ಸೇನಾ ಸಮಾಲೋಚನೆಗೆ ಬನ್ನಿ ಎಂದು ಮಾಸ್ಕೋದಿಂದ ಟಿಪ್ಪಣಿ ಬಂತು. ಫಿನ್ಲೆಂಡಿನ ಅಧ್ಯಕ್ಷ ಕೆಕ್ಕೊನೆನ್ ಆಗ ಹವಾಯಿಯಲ್ಲಿದ್ದರು. ಹೌಹಾರಿ ಓಡಿಬರಲಿಲ್ಲ, ಅಮೆರಿಕ ಪ್ರವಾಸ ಮುಂದುವರಿಸಿದರು. ನವೆಂಬರ್‌ನಲ್ಲಿ ನೊವೊಸಿಬಿರ್ಸ್ಕ್‌ಗೆ ಹೋಗಿ ಸೋವಿಯತ್ ನಾಯಕ ಕ್ರುಶ್ಚೇವ್‌ರೊಡನೆ ಮಾತಾಡಿದರು. ಸಮಾಲೋಚನೆ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಅವರ ಚುನಾವಣಾ ಎದುರಾಳಿ ಹೊಂಕಾ ಕಣದಿಂದ ಹಿಂದೆ ಸರಿದಾಗಿತ್ತು. ಟಿಪ್ಪಣಿಯ ಗುರಿ ಆಗಿನ ಬರ್ಲಿನ್ ಬಿಕ್ಕಟ್ಟೋ ಕೆಕ್ಕೊನೆನ್ ಅವರ ಮರುಆಯ್ಕೆಯೋ ಎಂಬ ಜಗಳ ಮುಗಿದಿಲ್ಲ. ಎರಡೂ ಇದ್ದವೆಂದೇ ನನ್ನ ಎಣಿಕೆ.

ಸೋವಿಯತ್ ಒಕ್ಕೂಟ ಕುಸಿಯುತ್ತಿದ್ದಂತೆ ಫಿನ್ನರೇ ತಮ್ಮ ಮೇಲೆ ತಿರುಗಿಬಿದ್ದರು. 1991ರಲ್ಲಿ ಟಿಮೊ ವಿಹವೈನೆನ್, ಯಾರೂ ಕೇಳದಿದ್ದರೂ ಮೊದಲೇ ಬಾಗುತ್ತಿದ್ದ ಪಂಡಿತರನ್ನೂ ಪತ್ರಕರ್ತರನ್ನೂ ತರಾಟೆಗೆ ತೆಗೆದುಕೊಂಡರು. ಸೊಲ್ಝೆನಿತ್ಸಿನ್ ಅವರ ಗುಲಾಗ್ ಗ್ರಂಥದ ಫಿನ್ನಿಶ್ ಅನುವಾದ ಸ್ವೀಡನ್ನಿನಲ್ಲಿ ಅಚ್ಚಾಗಬೇಕಾಯಿತಲ್ಲ! ಮೌರಿಟ್ಸೆನ್ ಅವರನ್ನು ಓದಿ ಕಲಿತ ನಮ್ಮ ಪಂಥ ಈ ಖರ್ಚನ್ನು ಲೆಕ್ಕಕ್ಕೆ ಹಿಡಿದದ್ದು ಕಡಿಮೆ. ಆದರೂ ಮಾಸ್ಕೋ ಕಡತಗಳನ್ನು ಕೆದಕಿದ ಕಿಮ್ಮೊ ರೆಂಟೊಲಾ ಅವರನ್ನು ಓದಿದರೆ, ಬಾಗಿದವರು ಎಷ್ಟು ಎಚ್ಚರದಿಂದ ಬಾಗಿದರೆಂಬುದು ಗೊತ್ತಾಗುತ್ತದೆ.

ಇಷ್ಟೆಲ್ಲ ಓದಿದ ನಾವು ನಮ್ಮದೇ ನೆರೆಯ ಸಣ್ಣ ದೇಶ ನೇಪಾಳದ ಬಗ್ಗೆ ಬರೆದದ್ದೇನು? ಅದು ಉಳಿದುಬಂದ ತಂತ್ರವನ್ನು 1971ರಲ್ಲಿ ಪುಸ್ತಕವಾಗಿಸಿದ್ದು ಅಮೆರಿಕದ ಲಿಯೊ ರೋಸ್. ನೇಪಾಳವನ್ನು ಶಾಂತಿವಲಯವೆಂದು ಸಾರಬೇಕೆಂದು ದೊರೆ ಬೀರೇಂದ್ರ 1975ರಲ್ಲಿ ಕೋರಿದಾಗ ನೂರಕ್ಕೂ ಹೆಚ್ಚು ದೇಶಗಳು ಒಪ್ಪಿದವು, ಭಾರತ ಒಪ್ಪಲಿಲ್ಲ. 1989ರ ಮಾರ್ಚ್‌ನಲ್ಲಿ ಭಾರತದೊಡನಿದ್ದ ವ್ಯಾಪಾರ ಮತ್ತು ಸಾಗಣೆ ಒಪ್ಪಂದಗಳ ಅವಧಿ ಮುಗಿದಾಗ ಸರಕು ಸಾಗಣೆಗೆ ಎರಡು ಗಡಿದಾರಿ ಬಿಟ್ಟು ಉಳಿದವು ಮುಚ್ಚಿದವು. ನಮ್ಮ ಪ್ರಬಂಧಗಳಲ್ಲಿ ಇದು ‘ಭದ್ರತಾ ಸಮಸ್ಯೆ’, ಕಠ್ಮಂಡುವಿನಲ್ಲಿ ಸೀಮೆಎಣ್ಣೆಗೆ ನಿಂತ ಸಾಲು. ನೇಪಾಳದ ಮೇಲೆ ಸಂಶೋಧನೆಗೆ ಕೂರುವ ವಿದ್ಯಾರ್ಥಿಗಳಿಗೆ ನನ್ನ ಕೋರಿಕೆ: ಆ ವರ್ಷದ ನೇಪಾಳಿ ಪತ್ರಿಕೆಗಳಿಂದ ಶುರು ಮಾಡಿ. ದೆಹಲಿಯ ಹೇಳಿಕೆಗಳನ್ನು ಆಮೇಲೆ ಓದಿದರಾಯಿತು.