ಹೆಸರಿಗೆ ಮಾತ್ರ ನಗರ

ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ‘ನಗರ’ ಈಗೊಂದು ಹಳ್ಳಿ. ಸಣ್ಣ ಪೇಟೆ, ಅಡಿಕೆ ತೋಟ, ಗದ್ದೆ, ರಸ್ತೆ ಬದಿಯ ಗುಡ್ಡದ ಮೇಲೊಂದು ಕೋಟೆ. ಇಷ್ಟು ಚಿಕ್ಕ ಊರಿಗೆ ಅಷ್ಟು ದೊಡ್ಡ ಕೋಟೆ ಯಾಕೆ ಎಂದು ಯಾರಾದರೂ ಕೇಳಿದರೆ, ನಾನು ಪಶ್ಚಿಮದ ಘಟ್ಟದತ್ತ ಕೈ ತೋರಿಸುತ್ತೇನೆ.

ಊರಿನ ಹಳೆಯ ಹೆಸರು ಬಿದನೂರು, ಅಂದರೆ ಬಿದಿರಿನ ಊರು. ಕೆಳದಿ ಅರಸರು ಮೊದಲು ಕೆಳದಿಯಲ್ಲಿ, ಆಮೇಲೆ ಇಕ್ಕೇರಿಯಲ್ಲಿ ಆಳಿದರು. ಬಿಜಾಪುರದ ಸೈನ್ಯ ಇಕ್ಕೇರಿಯ ಮೇಲೆ ಬಿದ್ದ ನಂತರ ವೀರಭದ್ರ ನಾಯಕ ರಾಜಧಾನಿಯನ್ನು ಇಲ್ಲಿಗೆ ತಂದ. ಬಯಲುಸೀಮೆಯ ಕುದುರೆ ದಂಡಿಗೆ ಇಲ್ಲಿನ ಕಾಡು, ಗುಡ್ಡ, ಬಿಡದ ಮಳೆಯೇ ಅಡ್ಡಗೋಡೆಯಾಗಿದ್ದವು. ಬೆನ್ನಿಗೆ ಹೊಸಂಗಡಿ ಘಟ್ಟ. ಇಳಿದರೆ ಕುಂದಾಪುರ, ಬಸರೂರು. ಮಲೆನಾಡಿನ ಮೆಣಸು ಕೆಳಗಿಳಿಯುತ್ತಿತ್ತು, ಕಡಲ ಕಡೆಯ ಸರಕು ಮೇಲೇರುತ್ತಿತ್ತು. 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕ ಹೊನ್ನಾವರ, ಗಂಗೊಳ್ಳಿ, ಬಸರೂರುಗಳಿಂದ ಪೋರ್ಚುಗೀಸರನ್ನು ಹೊರಡಿಸಿದ. ದಾರಿಯ ಎರಡೂ ತುದಿ ಒಂದೇ ಕೈಗೆ ಬಂದದ್ದರಿಂದಲೇ ಬಿದನೂರು ಬೆಳೆಯಿತು ಎಂಬುದು ನನ್ನ ತಿಳಿವಳಿಕೆ.

ಆ ಸಂಪತ್ತೇ 1763ರಲ್ಲಿ ಹೈದರಾಲಿಯನ್ನು ಕರೆತಂದಿತು. ರಾಣಿ ವೀರಮ್ಮಾಜಿ ಸೋತಳು, ಊರು ಹೈದರನಗರವಾಯಿತು. ಆದರೆ ಹೈದರನ ಚಿನ್ನದ ವರಾಹದಲ್ಲಿ ಶಿವಪಾರ್ವತಿಯರ ಚಿತ್ರ ಹಾಗೇ ಉಳಿಯಿತು. ಅರಸ ಬದಲಾದರೂ ವ್ಯಾಪಾರ ನಿಲ್ಲಬಾರದಲ್ಲ! 1783ರಲ್ಲಿ ಕರಾವಳಿಯಿಂದ ಇದೇ ಘಟ್ಟ ಹತ್ತಿ ಬಂದ ಜನರಲ್ ಮ್ಯಾಥ್ಯೂಸ್ ಊರನ್ನು ಹಿಡಿದು, ಕೆಲವೇ ತಿಂಗಳಲ್ಲಿ ಟಿಪ್ಪುವಿಗೆ ಶರಣಾದ. ಟಿಪ್ಪುವಿನ ನಂತರ ಊರು ಮೈಸೂರು ಅರಸರಿಗೆ ಸೇರಿತು. 1830ರ ರೈತ ದಂಗೆಗೆ ‘ನಗರ ದಂಗೆ’ ಎಂದೇ ಹೆಸರು. ಅದರ ಬೆನ್ನಲ್ಲೇ 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಕೈಗೆತ್ತಿಕೊಂಡರು. ಮುಂದೆ ತಾಲ್ಲೂಕು ಕಚೇರಿಯೂ ಕಲ್ಲೂರುಕಟ್ಟೆಗೆ ಹೋಯಿತು. ಅದೇ ಇವತ್ತಿನ ಹೊಸನಗರ. ಹಳೆಯ ನಗರಕ್ಕೆ ಹೆಸರಷ್ಟೇ ಉಳಿಯಿತು.

ಇತಿಹಾಸದ ಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತವೆ. ಊರಿನ ಚರಿತ್ರೆ ಮುಗಿದಿಲ್ಲ. ರಾಜಧಾನಿಯನ್ನು ಕಾದ ಮಳೆಯ ಮೇಲೆ 20ನೇ ಶತಮಾನಕ್ಕೆ ಕಣ್ಣು ಬಿತ್ತು. 1964ರ ಲಿಂಗನಮಕ್ಕಿ ಅಣೆಕಟ್ಟು ಸಾಗರ, ಹೊಸನಗರ ತಾಲ್ಲೂಕುಗಳ ಅನೇಕ ಹಳ್ಳಿಗಳನ್ನು ಮುಳುಗಿಸಿತು. ಆಮೇಲೆ ಚಕ್ರಾ, ಸಾವೆಹಕ್ಕಲು, ವರಾಹಿಗೆ ಮಾಣಿ ಅಣೆಕಟ್ಟು. ಮಾಣಿಯ ನೀರು ಘಟ್ಟದೊಳಗೆ ಧುಮುಕಿ ಹೊಸಂಗಡಿಯ ನೆಲದಡಿಯ ವಿದ್ಯುದಾಗಾರದಲ್ಲಿ 460 ಮೆಗಾವಾಟ್ ಸಾಮರ್ಥ್ಯದ ಯಂತ್ರಗಳನ್ನು ತಿರುಗಿಸುತ್ತದೆ.

ಅದೇ ಘಟ್ಟ, ಅದೇ ಇಳಿಜಾರು. ಮೆಣಸಿನ ಹೇರು ಇಳಿಯುವ ಮುನ್ನ ಊರಲ್ಲಿ ತಂಗುತ್ತಿತ್ತು, ಸುಂಕ ಕೊಡುತ್ತಿತ್ತು, ಪೇಟೆ ಬೆಳೆಸುತ್ತಿತ್ತು. ನೀರು ತಂಗುವುದು ಗದ್ದೆಗಳ ಮೇಲೆ. ಬೆಳಕು ದೂರದ ಊರುಗಳಿಗೆ ಹೋಗುತ್ತದೆ; ಶರಾವತಿಯಲ್ಲಿ ಮನೆ ಕಳೆದುಕೊಂಡ ಎಷ್ಟೋ ಕುಟುಂಬಗಳು ಇನ್ನೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿವೆ. ಕೋಟೆ ನೋಡಲು ಬರುವವರು ಬುರುಜಿನ ಮೇಲೆ ನಿಂತಾಗ ಸುತ್ತಲಿನ ಸೀಮೆಯಲ್ಲಿ ಮುಳುಗಿದ ಹಳ್ಳಿಗಳನ್ನೂ ನೆನೆಯಬೇಕು. ಬಿದನೂರಿನ ಚರಿತ್ರೆಯಲ್ಲಿ ಅವುಗಳಿಗೂ ಜಾಗವಿದೆ.