ಸಣ್ಣ ಕೌದಿಯ ಪಾಠ

ನಾನು ಓದಿದ್ದು ಬಿ.ಎ., ಬಿ.ಎಡ್. ಕಲಿಸುವುದು ಇತಿಹಾಸ. ಭೌತಶಾಸ್ತ್ರದ ಈ ಕಥೆಯನ್ನು ನನಗೆ ಹೇಳಿದವಳು ಹಳೆಯ ವಿದ್ಯಾರ್ಥಿನಿ. ಎಂಟನೆಯ ಇಯತ್ತೆಯಲ್ಲಿ ಎರಡೇ ಕಿರುಪರೀಕ್ಷೆಗಳ ಅಂಕ ನೋಡಿ, "ಗಣಿತ ನಿನಗ ಹತ್ತೂದಿಲ್ಲ ಬಿಡವಾ" ಎಂದು ನಾನು ತೀರ್ಪು ಕೊಟ್ಟ ಹುಡುಗಿ. ಈಗ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ.

ಜಗತ್ತಿನ ಮೂಲದಲ್ಲಿರುವುದು ಬಿಂದುವಲ್ಲ, ತಂತು ಎನ್ನುವುದೊಂದು ಸಿದ್ಧಾಂತ. ತಂತು ಚಲಿಸುತ್ತ ಒಂದು ಹಾಳೆಯನ್ನು ಹಾಸುತ್ತದೆ. ಅಂಥ ಸಾಧ್ಯ ಹಾಳೆಗಳನ್ನೆಲ್ಲ ಲೆಕ್ಕಕ್ಕೆ ಹಿಡಿಯುವ ದಾರಿಯನ್ನು 1981ರಲ್ಲಿ ರಷ್ಯದ ಪೋಲ್ಯಕೋವ್ ತೋರಿಸಿದರು. 1985ರಲ್ಲಿ ಯುರೋಪು, ರಷ್ಯಗಳ ಕೆಲವರು ಹಾಳೆಯನ್ನು ಸಮಬಾಹು ತ್ರಿಕೋನಗಳಿಂದ ಜೋಡಿಸಿದರು. ಕೌದಿ ಹೊಲಿದವರಿಗೆ ಇದು ಹೊಸತಲ್ಲ. ಅಂಥ ಆರು ತುಂಡು ಒಂದೆಡೆ ಸೇರಿದರೆ ಬಟ್ಟೆ ಸಪಾಟು, ಐದಾದರೆ ಉಬ್ಬು, ಏಳಾದರೆ ನಿರಿಗೆ. ಕಂಪ್ಯೂಟರಿನಲ್ಲಿ ಇಂಥ ಕೌದಿಗಳನ್ನು ಮನಬಂದಂತೆ ಹೊಲಿದು ಬಿಚ್ಚಿ ಅಳೆಯತೊಡಗಿದರು.

ಸಪಾಟು ನೆಲದಲ್ಲಿ ಎರಡರಷ್ಟು ದೂರ ನಡೆದರೆ ನಾಲ್ಕರಷ್ಟು ಜಾಗ ಸಿಗುತ್ತದೆ. ಈ ಹಾಳೆಯಲ್ಲಿ ಎಷ್ಟು? ಮೊದಲ ಅಳತೆಗಳಿಂದ ಸ್ಪಷ್ಟ ಉತ್ತರ ಬರಲಿಲ್ಲ. 1993ರಲ್ಲಿ ಜಪಾನಿನ ಕವಾಯಿ ಮತ್ತು ಸಂಗಡಿಗರು ಲೆಕ್ಕ ಹಾಕಿ, ಮೇಲೆ ಬೇರೇನೂ ಇಲ್ಲದ ಬರಿಯ ಹಾಳೆಗೆ ಹದಿನಾರರಷ್ಟು ಎಂದರು. ಗೊಂದಲದ ಗುಟ್ಟು ಅಲ್ಲೇ ಇತ್ತು. ಹತ್ತು ಸಾವಿರ ತುಂಡುಗಳ ಕೌದಿಯೂ ಸುಮಾರು ಹತ್ತು ಹೆಜ್ಜೆಯ ಅಗಲದ್ದೇ! ಅದನ್ನು ಇಪ್ಪತ್ತಾಗಿಸಲು 1,60,000 ತುಂಡು ಬೇಕು. ಹಾಳೆ ತನ್ನ ಸ್ವಭಾವ ತೋರುವ ಮೊದಲೇ ಮುಗಿದುಹೋಗುತ್ತಿತ್ತು. ಅಳೆದವರು ಕಂಡದ್ದು ಹಾಳೆಯ ಗುಣವನ್ನಲ್ಲ, ಅದರ ಸಣ್ಣತನವನ್ನು.

ಹಾಗೆಂದು ಸಣ್ಣ ಕೌದಿಗಳನ್ನು ಎಸೆಯಲಿಲ್ಲ. ಗಾತ್ರ ಬದಲಾದಂತೆ ಉತ್ತರ ಹೇಗೆ ಸರಿಯುತ್ತದೆ ಎಂಬುದನ್ನೇ ಸಾಕ್ಷಿಯಾಗಿ ಹಿಡಿಯಬೇಕೆಂದು ಫಿಶರ್ ಮತ್ತು ಬಾರ್ಬರ್ 1972ರಲ್ಲೇ ಬೇರೊಂದು ಸಂದರ್ಭದಲ್ಲಿ ತೋರಿಸಿದ್ದರು. 1995ರ ಸುಮಾರಿಗೆ ಆ ಉಪಾಯದಿಂದ ಅಳತೆಗಳು ಕವಾಯಿಯವರ ಲೆಕ್ಕದ ಹತ್ತಿರ ಬಂದವು. ಮುಂದೆ ಫ್ರಾನ್ಸಿನ ಲ ಗಾಲ್ 2007ರಲ್ಲಿ ಆ ಬೆಳವಣಿಗೆಗೆ ಗಣಿತದ ಸಾಧನೆಯನ್ನೇ ಕೊಟ್ಟರು.

ಕಥೆ ಮುಗಿದಾಗ ಅವಳು ನನ್ನ ಹಳೆಯ ಮಾತನ್ನು ಎತ್ತಲಿಲ್ಲ. ನಾನೇ ಎತ್ತಿದೆ.

"ಬಿಡ್ರಿ ಅಕ್ಕೋರ, ಆವಾಗ ನಾ ಇನ್ನೂ ಸಣ್ಣ ಕೌದಿ" ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ನನ್ನ ತೀರ್ಪನ್ನು ನಂಬಿ ಗಣಿತ ಬಿಟ್ಟ ಮಕ್ಕಳೂ ಇರಬೇಕಲ್ಲ, ಅವರು ಎಲ್ಲಿದ್ದಾರೋ.