ಮನೆಬಂದೂಕು (ಸೇಡಂ–ಚಿಂಚೋಳಿ ಸೀಮೆ)

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಭಾಗದಲ್ಲಿ ಮನೆ, ಹೊಲ, ದನಕರುಗಳ ಕಾವಲಿಗೆಂದು ಜನ ಬಂದೂಕು ಇಟ್ಟುಕೊಂಡು ಬಂದ ಬಗೆ, ಅದರ ಪರವಾನಗಿ ಹಾಗೂ ಜೋಪಾನದ ಚರಿತ್ರೆ.

ಕರ್ನಾಟಕದ ಬಂದೂಕು ಕಾನೂನಿನ ಕಥೆಯನ್ನು ಸಾಮಾನ್ಯವಾಗಿ 1857ರ ಹಲಗಲಿಯಿಂದ ಶುರುಮಾಡಲಾಗುತ್ತದೆ. ಆಯುಧ ಒಪ್ಪಿಸೆವೆಂದು ಬೇಡರು ಎದ್ದ ಆ ದಂಗೆಯಿಂದ ನೇರ 1878ರ ಶಸ್ತ್ರಾಸ್ತ್ರ ಕಾಯಿದೆಗೆ ದಾಟುವುದು ರೂಢಿ. ಸೇಡಂ ಸೀಮೆಗೆ ಈ ಲೆಕ್ಕ ಹೊಂದುವುದಿಲ್ಲ. ಆಗ ಈ ಸೀಮೆಯೆಲ್ಲ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಬ್ರಿಟಿಷ್ ಇಂಡಿಯಾದ ಕಾಯಿದೆ ಇಲ್ಲಿನ ಪ್ರಜೆಗಳಿಗೆ ತಾನಾಗಿ ಅನ್ವಯಿಸುತ್ತಿರಲಿಲ್ಲ. 1878ರ ಕಾಯಿದೆ ಇಲ್ಲಿಗೆ ಬಂದದ್ದು 1951ರಲ್ಲಿ, ‘ಬಿ’ ಭಾಗದ ರಾಜ್ಯಗಳ ಕಾನೂನು ಕಾಯಿದೆಯ ಮೂಲಕ. ಅದೂ ಹೆಚ್ಚು ಕಾಲ ಉಳಿಯಲಿಲ್ಲ. 1959ರ ಹೊಸ ಕಾಯಿದೆ 1962ರ ಅಕ್ಟೋಬರ್ 1ರಿಂದ ಜಾರಿಗೆ ಬಂತು.

ಈ ಭಾಗದ ಮಟ್ಟಿಗೆ ದೊಡ್ಡ ತಿರುವು 1948. ನಿಜಾಮರ ಪರವಾಗಿದ್ದ ಖಾಸಿಂ ರಜ್ವಿಯ ರಜಾಕಾರ ಪಡೆಯ ಹಾವಳಿಯಲ್ಲಿ ಊರೂರು ತಲ್ಲಣಿಸಿದ್ದವು. ಬೀದರ ಜಿಲ್ಲೆಯ ಗೋರ್ಟಾದ ಹತ್ಯಾಕಾಂಡ ನಡೆದದ್ದು ಅದೇ ವರ್ಷದ ಮೇ ತಿಂಗಳಲ್ಲಿ. ಸೆಪ್ಟೆಂಬರ್ 13ಕ್ಕೆ ಆರಂಭವಾದ ಭಾರತೀಯ ಸೇನೆಯ ‘ಪೊಲೀಸ್ ಕಾರ್ಯಾಚರಣೆ’ 17ಕ್ಕೆ ನಿಜಾಮರ ಶರಣಾಗತಿಯೊಂದಿಗೆ ಮುಗಿಯಿತು ಎಂಬಲ್ಲಿಗೆ ಹೆಚ್ಚಿನ ಬರಹಗಳು ನಿಲ್ಲುತ್ತವೆ. ಆಯುಧಗಳ ಮಟ್ಟಿಗೆ ಮುಖ್ಯವಾದದ್ದು ಆಮೇಲಿನ ವಾರಗಳು. ಕೇಂದ್ರ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ಹಿಂಸೆ ಅತಿಯಾಗಿದ್ದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾವನ್ನೂ (ಇಂದಿನ ಕಲಬುರಗಿ) ಹೆಸರಿಸಿತು. ಸೇನೆ ಮುಸ್ಲಿಮರ ಕೈಯಿಂದ ಆಯುಧ ತೆಗೆದುಕೊಂಡು, ಹಿಂದೂಗಳ ಬಳಿಯಿದ್ದುದನ್ನು ಹಲವೆಡೆ ಹಾಗೇ ಬಿಟ್ಟಿತೆಂದೂ ಅದು ದಾಖಲಿಸಿತು. ದಶಕಗಟ್ಟಲೆ ಮುಚ್ಚಿಟ್ಟಿದ್ದ ಈ ವರದಿ ಸಾರ್ವಜನಿಕ ಚರ್ಚೆಗೆ ಬಂದದ್ದು 2013ರಲ್ಲಿ. ಅದರ ಸಾವಿನ ಅಂದಾಜು, 27 ಸಾವಿರದಿಂದ 40 ಸಾವಿರ, ಇಂದಿಗೂ ವಿವಾದದಲ್ಲಿದೆ. ಮೇ ತಿಂಗಳ ಗೋರ್ಟಾವನ್ನು ಬಿಟ್ಟು ಈ ವರದಿಯನ್ನಾಗಲಿ, ವರದಿಯನ್ನು ಬಿಟ್ಟು ಗೋರ್ಟಾವನ್ನಾಗಲಿ ಓದಿದರೆ, ಮನೆಯಲ್ಲೊಂದು ಬಂದೂಕಿರಲಿ ಎಂಬ ಭಯ ಯಾರದಾಗಿತ್ತು ಎಂಬುದು ಅರ್ಧವಷ್ಟೇ ತಿಳಿಯುತ್ತದೆ.

1959ರ ಕಾಯಿದೆಯ 13ನೆಯ ಕಲಮು ರಕ್ಷಣೆಗೆ 20 ಅಂಗುಲಕ್ಕೆ ಕಡಿಮೆಯಿಲ್ಲದ ನುಣುಪು ನಳಿಗೆಯ ಬಂದೂಕನ್ನೂ, ಬೆಳೆ ಕಾಯಲು ಬಾಯಿಂದ ಮದ್ದು ತುಂಬುವ (ಕೇಪಿನ) ಬಂದೂಕನ್ನೂ ಹೇಳುತ್ತದೆ. ತೊಗರಿ, ಜೋಳದ ಹೊಲಕ್ಕೆ ಹಂದಿ ನುಗ್ಗುವ ಸೀಮೆಯಲ್ಲಿ ಎರಡನೆಯದು ಸಣ್ಣ ವಿಷಯವಲ್ಲ. ಇವಕ್ಕೆ ಪರವಾನಗಿ ಕೊಡುವವರು ಜಿಲ್ಲಾಧಿಕಾರಿ. ಅರೆಸ್ವಯಂಚಾಲಿತ ಬಂದೂಕಿನ ದಾರಿ ಬೇರೆ: ಶಸ್ತ್ರಾಸ್ತ್ರ ನಿಯಮಗಳು ಅದನ್ನು 1(ಬಿ) ವರ್ಗಕ್ಕೆ ಸೇರಿಸಿದ್ದರಿಂದ ವಿಷಯ ಕೇಂದ್ರ ಗೃಹ ಸಚಿವಾಲಯಕ್ಕೆ ಹೋಗುತ್ತದೆ.

ಜೋಪಾನದ ರೀತಿ ಬಂದೂಕಿನ ಜಾತಿಯ ಮೇಲೆ ನಿಂತಿದೆ. ಕೇಪಿನ ಬಂದೂಕಿಗೆ ಬಾಯಿಂದ ಮದ್ದು ಸುರಿದು, ಗಜದಿಂದ ಜಡಿದ ಮೇಲೆ ಅದನ್ನು ಖಾಲಿ ಮಾಡುವುದು ಸುಲಭವಲ್ಲ; ಹಾರಿಸಬೇಕು, ಇಲ್ಲವೇ ಸುರುಳಿಮೊನೆಯ ಸಲಾಕೆಯಿಂದ ಕೀಳಬೇಕು. ಹಾಗಾಗಿ ಕೇಪು ತೆಗೆದಿಟ್ಟರೆ ಸಾಕೆಂದು, ತುಂಬಿದ ಬಂದೂಕನ್ನೇ ಗೋಡೆಗೆ ತೂಗುಹಾಕುವ ಅಪಾಯದ ರೂಢಿ ಬೆಳೆಯಿತು. ಜೋಡಿನಳಿಗೆಯ ತೋಟಾ ಬಂದೂಕು ಇದನ್ನು ಬದಲಿಸಿತು: ಕೀಲಿನಲ್ಲಿ ಮಡಿಸಿದರೆ ಎರಡೂ ಕೋಣೆಗಳು ಕಣ್ಣೆದುರು ತೆರೆದುಕೊಳ್ಳುತ್ತವೆ, ಖಾಲಿಯೋ ಅಲ್ಲವೋ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ನಳಿಗೆ ಕಳಚಿ ಬೇರೆ, ತೋಟಾ ಬೇರೆ ಬೀಗದಲ್ಲಿ ಇಡಬಹುದು. ಅರೆಸ್ವಯಂಚಾಲಿತದಲ್ಲಿ ಈ ನೋಟ ಮೋಸ ಮಾಡುತ್ತದೆ. ನಳಿಗೆಯ ಕೆಳಗಿನ ಕೊಳವೆಯಲ್ಲಿ ತೋಟಾಗಳು ಉಳಿದಿದ್ದರೆ, ಕೋಣೆಯದನ್ನು ತೆಗೆದರೂ ಹಿಂದಿನದು ಬಂದು ಕೂರುತ್ತದೆ. ಮೊದಲು ಕೊಳವೆ, ಆಮೇಲೆ ಕೋಣೆ, ಕೊನೆಗೆ ಬೆರಳಿಟ್ಟು ತಡವಿ ನೋಡುವುದು: ಈ ಕ್ರಮ ತಪ್ಪಬಾರದು. ನಳಿಗೆಯ ಬಾಯಿ ಯಾರ ಕಡೆಗೂ ತಿರುಗಿರಬಾರದು, ಬೆರಳು ಕುದುರೆಯ ಮೇಲಿರಬಾರದು. ಮಕ್ಕಳಿರುವ ಮನೆಯಲ್ಲಿ ಬೀಗದ ಕೈಯೂ ಅವರಿಗೆ ಸಿಗಬಾರದು.

ಇದೆಲ್ಲ ದೀರ್ಘಕಾಲ ಮನೆಯ ಹಿರಿಯರ ತಿಳಿವಳಿಕೆಗೇ ಬಿಟ್ಟ ಸಂಗತಿಯಾಗಿತ್ತು. 2016ರ ಶಸ್ತ್ರಾಸ್ತ್ರ ನಿಯಮಗಳು ಸುರಕ್ಷತಾ ತರಬೇತಿಯನ್ನೂ, ಭದ್ರವಾಗಿ ಇಡುವೆನೆಂಬ ಮುಚ್ಚಳಿಕೆಯನ್ನೂ ಅರ್ಜಿಗೆ ಜೋಡಿಸಿದವು.

ಚಿಂಚೋಳಿಗೆ ಮಾತ್ರ ಇನ್ನೊಂದು ಕಟ್ಟಳೆಯಿದೆ, ಬಂದೂಕಿನ ಬರಹಗಳಲ್ಲಿ ಅದರ ಪ್ರಸ್ತಾಪ ಅಪರೂಪ. ಕೊಂಚಾವರಂ ಕಾಡಿನ ಪ್ರದೇಶ 2011ರಲ್ಲಿ ವನ್ಯಜೀವಿಧಾಮವಾಯಿತು. 1972ರ ವನ್ಯಜೀವಿ ಕಾಯಿದೆಯ 34ನೆಯ ಕಲಮಿನಂತೆ ವನ್ಯಜೀವಿಧಾಮದೊಳಗೆ ಮತ್ತು ಅದರಿಂದ 10 ಕಿಲೋಮೀಟರ್ ಒಳಗೆ ವಾಸಿಸುವ ಪರವಾನಗಿದಾರರು ಹೆಸರು ನೋಂದಾಯಿಸಬೇಕು. ಆ ವ್ಯಾಪ್ತಿಯಲ್ಲಿ ಹೊಸ ಪರವಾನಗಿಗೆ ಮುಖ್ಯ ವನ್ಯಜೀವಿ ಪಾಲಕರ ಒಪ್ಪಿಗೆ ಬೇಕು. ತಾಂಡಾಗಳೂ ಕಾಡಂಚಿನ ಹೊಲಗಳೂ ಇರುವುದು ಅಲ್ಲೇ. ಹಂದಿಯ ಕಾಟ ಹೆಚ್ಚಿರುವ ಕಡೆಯೇ ಪರವಾನಗಿ ಕಷ್ಟವಾದದ್ದು ಹೀಗೆ.

ಶಸ್ತ್ರಾಸ್ತ್ರ ಕಾಯಿದೆಯ 2019ರ ತಿದ್ದುಪಡಿ ಒಬ್ಬರಿಗೆ ಮೂರಿದ್ದ ಬಂದೂಕಿನ ಮಿತಿಯನ್ನು ಎರಡಕ್ಕಿಳಿಸಿ, ಪರವಾನಗಿಯ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು. ವಾರಸುದಾರಿಕೆಯಿಂದ ಬಂದ ಬಂದೂಕೂ ಈ ಎರಡರ ಲೆಕ್ಕಕ್ಕೆ ಸೇರುತ್ತದೆ. ಪರವಾನಗಿದಾರ ತೀರಿಕೊಂಡ ಮನೆಯಲ್ಲಿ ಬಂದೂಕು ಹಾಗೇ ಉಳಿಯುವಂತಿಲ್ಲ. ವಾರಸುದಾರರ ಹೆಸರಿಗೆ ಪರವಾನಗಿ ಆಗುವವರೆಗೆ ಪೊಲೀಸ್ ಠಾಣೆಯಲ್ಲೋ ಅಧಿಕೃತ ವ್ಯಾಪಾರಿಯ ಬಳಿಯೋ ಒಪ್ಪಿಸಬೇಕು.